ಕಂಡಿ ಬಿಡದ ಕಟ್ಟ

೧೪ ಡಿಸೆಂಬರ್ ೧೯೬೨, ಶುಕ್ರವಾರ. ನಾರಾವಿ.

‘ನಿಂತ ನೀರಿಗೆ ಮಾತ್ರ ಆಕಾಶ ಇಳಿಯುತ್ತದೆ’ ಎಂದೋ ಏನೋ ಒಂದು ಸಾಲು. ಎಲ್ಲಿ ಓದಿದ್ದೆ? ಅದು ನಿಜವೇ?

ತಾವರೆ ಬೆಳೆಸಲು ಪುಟ್ಟ ಕೆರೆ ಬೇಕೆಂದು ಗದ್ದೆಗಳಿಗೆ ಹರಿಯುವ ತೋಡಿಗೆ ಅಡ್ಡ ಕಲ್ಲು ಮಣ್ಣಿನ ಕಟ್ಟ ಹಾಕಿಸಿದೆ. ಕೆಳಗದ್ದೆಯವರನ್ನು ಕರೆದು, ಅವರ ಪಾಲಿನ ನೀರು ಹರಿದುಹೋಗಲು ಕಂಡಿ ಬಿಟ್ಟೇ ಕಟ್ಟುವುದು ಇಲ್ಲಿಯ ಕ್ರಮ. ನನಗದು ಗೊತ್ತಿತ್ತು. ಆದರೂ ಕೆರೆ ಬೇಗ ತುಂಬಲೆಂದು ಆಳುಗಳಿಗೆ ‘ಪೂರಾ ಮುಚ್ಚಿ’ ಎಂದೆ. ಎಂಟು ದಿನದಲ್ಲಿ ಕೆಳಗದ್ದೆಯ ದೇಜಪ್ಪ ಸುಗ್ಗಿ ಬೆಳೆಗೆ ನೆಟ್ಟ ಭತ್ತದ ನೇಜಿ ನೀರಿಲ್ಲದೆ ಹಳದಿಯಾಗಿದೆ. ಆ ಎಂಟೂ ದಿನ ನಾನು ದಂಡೆಯಲ್ಲಿ ಕೂತು ಪದ್ಯ ಓದಿದೆ. ಇವತ್ತು ಕಣ್ಣಿಗೆ ಬಿದ್ದ ಕೂಡಲೇ ಕಂಡಿ ತೆಗೆಸಿದೆ. ನೇಜಿ ಬದುಕುವುದೋ ಇಲ್ಲವೋ.

ಸಂಜೆ ದೇಜಪ್ಪನೇ ಬಂದ. ಬೈಯಲಿ ಎಂದು ತಲೆ ತಗ್ಗಿಸಿ ಕಾದೆ. ಬಾಗಿಲಲ್ಲೇ ನಿಂತು ಹೇಳಿದ: “ಅಕ್ಕ, ಒಂದು ಮಾತು ಹೇಳಿ ಕಳಿಸಿದ್ರೆ ಕಲ್ಲು ಹೊರ್ಲಿಕ್ಕೆ ನಾನೂ ಬರ್ತಿದ್ದೆನಲ್ಲ.”