ಹಲಸಿನ ಹಲಗೆಗೆ ನಾಲ್ಕು ತಂತಿ

ಬೆಳಗೊಳ
20 ಜನವರಿ 2025, ಸೋಮವಾರ

ಪ್ರೀತಿಯ ಅಪ್ಪನಿಗೆ,

ನಾನು ಒಂದು ಬಾಸ್ ಗಿಟಾರ್ ಮಾಡುತ್ತಿದ್ದೇನೆ ಅಪ್ಪ, ಅಂಗಡಿಯಿಂದ ತಂದದ್ದಲ್ಲ, ನನ್ನ ಕೈಯಾರೆ, ಮರ ಕೊಯ್ದು, ಉಜ್ಜಿ, ತಂತಿ ಕಟ್ಟಿ! ಮೊದಲು ನಮಸ್ಕಾರ ಹೇಳಬೇಕಿತ್ತು. ಈಗ ಹೇಳುತ್ತಿದ್ದೇನೆ, ನಿಮಗೂ ಅಮ್ಮನಿಗೂ. ಬರೆಯುವುದು ತಡವಾಯಿತು. ಮೂರು ಸಲ ಶುರು ಮಾಡಿ ಮೂರು ಸಲವೂ ಹರಿದೆ. ನನ್ನನ್ನು ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದವರು ನೀವೇ, ಅದಕ್ಕೇ ಕಾಗದ ಬರೆಯುವ ಕ್ರಮ ಗೊತ್ತಿಲ್ಲವೆಂದು ಬೈಯುವ ಹಾಗಿಲ್ಲ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅಮ್ಮ ಎತ್ತಿದಾಗ ಹಿಂದಿನಿಂದ ನಿಮ್ಮ ಕೆಮ್ಮು ಮಾತ್ರ ಕೇಳುತ್ತದೆ. ಆದರೆ ಅಂಚೆಯಲ್ಲಿ ಬಂದದ್ದನ್ನು ನೀವು ಓದದೆ ಇಡುವವರಲ್ಲ. ಎಲ್‌ಐಸಿಯವರ ಅಚ್ಚಿನ ಕಾಗದವನ್ನೂ ಕನ್ನಡಕ ಹುಡುಕಿ ಕೊನೆಯ ಸಾಲಿನ ತನಕ ಓದುತ್ತೀರಿ.

ಶ್ರೀರಂಗಪಟ್ಟಣದ ರಿಜಿಸ್ಟ್ರಾರ್ ಆಫೀಸಿನಲ್ಲಿ ನಾನೂ ಕಿಶನ್‌ನೂ ಮದುವೆಯ ಸಹಿ ಹಾಕಿ ಇವತ್ತಿಗೆ ಒಂಬತ್ತು ವಾರ. ನಿಮ್ಮ ದನಿ ಕೇಳಿಯೂ ಒಂಬತ್ತು ವಾರ. ಉಳಿ ಹಿಡಿಯದ ಕೈಗೆ ಮಗಳನ್ನು ಕೊಡುವುದಿಲ್ಲ ಅಂದಿರಿ, ನಾನು ಕೇಳಲಿಲ್ಲ. ಅದನ್ನೇ ಮತ್ತೆ ವಾದ ಮಾಡುವುದಕ್ಕೆ ಈ ಕಾಗದ ಅಲ್ಲ. ನನಗೆ ಮರ ಬೇಕು.

ಬಾಸ್ ಗಿಟಾರ್ ಅಂದರೆ ಏನೆಂದು ಹೇಳಿಬಿಡುತ್ತೇನೆ. ಆರು ತಂತಿಯ ಗಿಟಾರ್ ಅಲ್ಲ ಇದು. ನಾಲ್ಕೇ ತಂತಿ, ಸೆಣಬಿನ ಹುರಿಯಷ್ಟು ದಪ್ಪ. ಹಾಡಿನ ಅಡಿಯಲ್ಲಿ ದುಂ ದುಂ ಎಂದು ನಡೆಯುತ್ತಿರುತ್ತದೆ. ಅದು ಇದ್ದಾಗ ಯಾರೂ ಗಮನಿಸುವುದಿಲ್ಲ, ನಿಂತಾಗ ಮಾತ್ರ ಏನೋ ಹೋಯಿತು ಅನ್ನಿಸುತ್ತದೆ. ಮೈಸೂರಿನಲ್ಲಿ ನಾನು ನುಡಿಸುತ್ತಿದ್ದದ್ದು ಕಾಲೇಜಿನದು, ಬಿಟ್ಟು ಬರಬೇಕಾಯಿತು. ಮದುವೆಗೆ ಏನು ಕೊಡಲಿ ಎಂದು ಕಿಶನ್ ಕೇಳಿದಾಗ ಚೈನು ಬೇಡ, ಪಿಕಪ್ ಸುತ್ತಿಕೊಡು ಅಂದೆ. ಪಿಕಪ್ ಅಂದರೆ ತಂತಿಯ ಕೆಳಗೆ ಕೂರಿಸುವ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿ. ಇಡೀ ದಿನ ಪಂಪ್‌ಸೆಟ್ ಮೋಟರಿಗೆ ತಾಮ್ರ ಸುತ್ತುವವನಿಗೆ ಅದೇನು ಕಷ್ಟ? ಸುತ್ತುತ್ತೇನೆ, ಮರದ ಕೆಲಸ ಮಾತ್ರ ನಿನ್ನದು, ಆಚಾರ್ರ ಮಗಳಲ್ಲವಾ ಅಂದ. ಅಂದಿನಿಂದ ನನಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಅನ್ನಕ್ಕೆ ಇಟ್ಟು ಮರೆಯುತ್ತೇನೆ. ಕಂಡ ಕಂಡ ಬಾಗಿಲು, ಮಂಚ, ನೊಗ ಎಲ್ಲವನ್ನೂ ಬೆರಳಿನಿಂದ ಕುಟ್ಟಿ ಕಿವಿಗೊಡುತ್ತೇನೆ. ನಮ್ಮತ್ತೆ ಚಿಕ್ಕಬೋರಮ್ಮನವರು ಎರಡು ದಿನ ನೋಡಿ ಮೂರನೆಯ ದಿನ ಕೇಳಿಯೇಬಿಟ್ಟರು: "ಅಲ್ಲ ಕಣವ್ವ, ಒಸ್ದಾಗಿ ಮದ್ವೆ ಆದೋರು ತೊಟ್ಲಿಗೆ ಮರ ನೋಡ್ತಾರೆ. ನೀನು ತಂಬೂರಿಗೆ ನೋಡ್ತಾ ಕುಂತಿದ್ದೀಯಲ್ಲ."

ಗಿಟಾರಿನ ಕತ್ತಿಗೆ, ಅಂದರೆ ಉದ್ದನೆಯ ಹಿಡಿಗೆ, ತೇಗ ಸಿಕ್ಕಿತು. ಮಾವ ಕೊಟ್ಟಿಗೆಯ ಹಳೆಯ ಚೌಕಟ್ಟು ಕಿತ್ತಿಟ್ಟಿದ್ದರು, ಒಣಗಿ ಒಣಗಿ ಕುಟ್ಟಿದರೆ ಗಂಟೆಯ ಹಾಗೆ ನುಡಿಯುತ್ತದೆ. ಬೆರಳೂರುವ ಪಟ್ಟಿಗೆ ಬೀಟೆ, ಮುರಿದ ಮಂಚದ್ದು. ಇನ್ನು ಒಡಲಿಗೆ. ಸಿಲ್ವರ್ ಓಕ್ ಹಗುರ, ಆದರೆ ಉಗುರು ತಾಕಿದರೆ ಕುಳಿ ಬೀಳುತ್ತದೆ. ಹುಣಸೆ ಹಾಕಿದರೆ ನನ್ನ ಹೆಗಲು ಉಳಿಯುವುದಿಲ್ಲ. ಮಾವು ಹುಳು ಹಿಡಿಯುತ್ತದೆ ಎಂದು ನೀವೇ ಹೇಳುತ್ತಿದ್ದಿರಿ. ನನ್ನ ಮನಸ್ಸೆಲ್ಲ ಹಲಸಿನ ಮೇಲೆ. ನಮ್ಮ ಹಿತ್ತಲಿನ ಆ ಮರದ್ದು ತುಂಡೇನಾದರೂ ಉಳಿದಿದೆಯಾ? ವೀಣಕ್ಕನ ಹಸೆಮಣೆ ಮಾಡಿದಿರಲ್ಲ, ಆ ಮರ. ಅವಳು ಹುಟ್ಟಿದ ವರ್ಷ ಒಂದು ಗಿಣಿ ಕೆತ್ತಿ ಅಟ್ಟಕ್ಕೆ ಹಾಕಿದ್ದಿರಿ, ದೇವಲಾಪುರದ ಭಾವ ಒಪ್ಪಿಗೆಯಾದ ಸಂಜೆ ಅದನ್ನು ಇಳಿಸಿ ಎದುರಿಗೆ ಎರಡನೆಯದು ಕೆತ್ತಿದಿರಿ. ನಾನು ಪಕ್ಕದಲ್ಲಿ ಕೂತು ಚಕ್ಕೆ ಆರಿಸುತ್ತಿದ್ದೆ. ಹಳೆಯ ಗಿಣಿ ಕಂದು, ಹೊಸದು ಅರಿಶಿನದ ಹಾಗೆ ಹಳದಿ. ಇದೇಕೆ ಹೀಗೆ ಅಂದರೆ, ಹಲಸು ಗಾಳಿ ಕುಡಿದು ಕುಡಿದು ಕಪ್ಪಾಗುತ್ತೆ ಕಣಮ್ಮ, ಈ ಗಿಣೀನೂ ಆ ಗಿಣಿ ಬಣ್ಣಕ್ಕೆ ಬರುತ್ತೆ, ವರ್ಷ ಬೇಕು ಅಂದಿರಿ.

ನನ್ನ ಹಸೆಮಣೆಯ ಮಾತು ಎತ್ತುವುದಿಲ್ಲ. ನಾನು ಹುಟ್ಟಿದಾಗ ಕೆತ್ತಿಟ್ಟ ಒಂಟಿ ಗಿಣಿ ಅಟ್ಟದಲ್ಲೇ ಇರಲಿ. ಉಳಿದ ತುಂಡು ಇದ್ದರೆ ಮಾತ್ರ, ಒಂದೂವರೆ ಅಡಿ ಉದ್ದ, ಒಂದಡಿಗಿಂತ ಸ್ವಲ್ಪ ಹೆಚ್ಚು ಅಗಲ. ಇಲ್ಲದಿದ್ದರೆ ಇಲ್ಲ ಅಂತ ಬರೆಯಿರಿ. ಇಲ್ಲ ಅಂತಲಾದರೂ ಬರೆಯಿರಿ.

ನಿಮ್ಮ ಮಗಳು,
ಹೇಮಶ್ರೀ


ಬೆಳಗೊಳ
13 ಫೆಬ್ರವರಿ 2025, ಗುರುವಾರ

ಅಪ್ಪ,

ಹಲಗೆ ಬಂತು! ಬಂದು ನಾಲ್ಕು ದಿನವಾಯಿತು, ತಿಳಿಸುವುದಕ್ಕೆ ತಡ ಮಾಡಿದೆ, ತಪ್ಪು ನನ್ನದು, ಕೈಗೆ ಬಿಡುವೇ ಇರಲಿಲ್ಲ. ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರ್ ನಾಗರಾಜಣ್ಣ ಪಾಂಡವಪುರದ ಕಿಶನ್‌ನ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿ, ತಾನೇ ಹೊತ್ತುಕೊಂಡು ಬಂದು ಇಳಿಸಿದನಂತೆ. ನೀವು ಏನಾದರೂ ಹೇಳಿಕಳಿಸಿದಿರಾ ಎಂದು ಕಿಶನ್ ಎರಡೆರಡು ಸಲ ಕೇಳಿದ್ದಾನೆ. ಆಚಾರ್ರು ಬಾಯೇ ಬಿಡಲಿಲ್ಲ, ಹುಷಾರಾಗಿ ಇಳಿಸು ಅಂದರು ಅಷ್ಟೇ ಅಂದನಂತೆ. ಅಷ್ಟೇ ಸಾಕು ನನಗೆ. ನೀವು ನನ್ನ ಕಾಗದ ಓದಿದಿರಿ. ನಾನು ಕೊಟ್ಟಿಗೆಯಿಂದ ಬೀದಿಯ ತನಕ ಓಡಿ ವಾಪಸ್ ಓಡಿಬಂದೆ, ಕಾರಣ ಏನೂ ಇಲ್ಲ. ಅಮ್ಮನಿಗೆ ಫೋನ್ ಮಾಡಿದರೆ ಅವಳಿಗೆ ಹಲಗೆಯ ವಿಷಯವೇ ಗೊತ್ತಿಲ್ಲ. ನೀವು ಮೊನ್ನೆಯ ತನಕ ಹದಿನೈದು ದಿನ ಶೆಡ್ಡಿನ ಬಾಗಿಲು ಹಾಕಿಕೊಂಡು ಉಳಿ ಕುಟ್ಟುತ್ತಿದ್ದಿರಂತೆ, ಊಟಕ್ಕೆ ಕರೆದರೂ ಬರುತ್ತಿರಲಿಲ್ಲವಂತೆ. ಅಷ್ಟು ಕೆಲಸ ಇರುವಾಗಲೂ ನನಗಾಗಿ ಹಲಗೆ ಹುಡುಕಿದಿರಲ್ಲ.

ನಾನು ಕೇಳಿದ್ದಕ್ಕಿಂತ ಎರಡರಷ್ಟು ಉದ್ದ ಕಳಿಸಿದ್ದೀರಿ. ಒಂದು ಮುಖಕ್ಕೆ ಗಂಜಿ ಹಾಕಿ ಹಾಳೆ ಮೇಲೆ ಹಾಳೆ ಪೇಪರ್ ಅಂಟಿಸಿದ್ದಿರಿ. ಅದನ್ನು ನೋಡಿ ಮನೆಯವರಿಗೆಲ್ಲ ಕುತೂಹಲ. ಅತ್ತೆಯಂತೂ "ಒಳ್ಗೇನದೆ ನೋಡವ್ವ, ವಸಿ ಕಿತ್ತು" ಎಂದು ಬೆನ್ನು ಬಿದ್ದರು. ನಾನು ಬಿಡಲಿಲ್ಲ. ಇದು ಬಿರುಕು ಬಿಡದಿರಲಿ ಎಂದು ಅಂಟಿಸುವುದು, ಕೊಯ್ಯುವ ತನಕ ತೆಗೆಯಬಾರದು, ಪೇಪರ್ ಇದ್ದರೆ ಅಂಚು ಸಿಬಿರೇಳುವುದಿಲ್ಲ ಎಂದು ದೊಡ್ಡ ಭಾಷಣ ಮಾಡಿದೆ. ಆಚಾರ್ರ ಮನೆಯ ಮಗಳು ಅಂದರೆ ಸುಮ್ಮನೆಯಾ? ಎಲ್ಲರೂ ಪೇಪರಿನಿಂದ ಕೈ ತೆಗೆದರು. ನೀವು ಇದ್ದಿದ್ದರೆ ಮೀಸೆಯಲ್ಲೇ ನಗುತ್ತಿದ್ದಿರಿ.

ಮಂಗಳವಾರ ಪಾಂಡವಪುರದ ಸಾಮಿಲ್ಲಿನಲ್ಲಿ ಕೊಯ್ಯಿಸಿದೆವು. ಪೇಪರ್ ಇರುವ ಮುಖ ಹಿಂಭಾಗ ಆಗಲಿ ಎಂದು ಬರಿಯ ಮುಖದ ಮೇಲೆ ನಾನೇ ಪೆನ್ಸಿಲ್ಲಿನಲ್ಲಿ ಆಕಾರ ಬರೆದೆ. ಗಂಟಿಲ್ಲದ ನಡುಭಾಗ ಆರಿಸಿದೆ. ಮೇಲೊಂದು ಕೊಂಬು, ಕೆಳಗೊಂದು ಕೊಂಬು, ಎರಡರ ನಡುವೆ ಕತ್ತು ಕೂರುತ್ತದೆ. ಗರಗಸ ತಿರುವಿನಲ್ಲಿ ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಕೊಯ್ದ ಅಂಚು ಹಳದಿ, ಅದೇ ವಾಸನೆ, ನಮ್ಮ ಶೆಡ್ಡಿನದು. ನನಗೆ ಅಲ್ಲೇ ಅಳು ಬಂತು, ಹೊಟ್ಟು ಕಣ್ಣಿಗೆ ಬಿತ್ತು ಅಂದೆ.

ಪಿಕಪ್ಪಿನ ಕಥೆ ಕೇಳಿ. ಬೆಂಗಳೂರಿನಿಂದ ರೆಡಿ ತರಿಸೋಣವೇ, ಮನೆಯಲ್ಲೇ ಸುತ್ತೋಣವೇ ಎಂದು ಒಂದು ವಾರ ಜಗಳ. ಕಿಶನ್ ಹಟ ಬಿಡಲಿಲ್ಲ. ಕೂದಲಿಗಿಂತ ಸಣ್ಣ ತಂತಿ ಮೂರು ಸಲ ಕಿತ್ತುಹೋಯಿತು, ನಾಲ್ಕನೆಯ ಸಲ ಉಳಿಯಿತು. ಒಂದು ಮರದ ತುಂಡಿನ ಮೇಲೆ ತಂತಿ ಬಿಗಿದು, ಪಿಕಪ್ ಇಟ್ಟು, ಸ್ಪೀಕರಿಗೆ ಕೊಟ್ಟು ನೋಡಿದೆವು. ಸದ್ದು ಬಂತು, ಜೊತೆಗೆ ಗುಂಯ್ ಎಂಬ ಇನ್ನೊಂದು ಸದ್ದು. ಮಾವ ಹೊರಗಿನಿಂದ, ಯಾರ್ಲಾ ಅದು ಮೋಟ್ರು ಆನ್ ಮಾಡಿ ಬಂದಿರೋನು, ಆರಿಸು ಹೋಗು ಎಂದು ಕೂಗಿದರು. ಆಮೇಲೆ ಕಿಶನ್ ಎರಡನೆಯ ಪಿಕಪ್ ಒಂದನ್ನು ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ತಿರುಗಿಸಿ ಕೂರಿಸಿದ. ಒಂದರ ಗುಂಯ್ ಇನ್ನೊಂದು ನುಂಗಿಬಿಟ್ಟಿತು. ಉಳಿದದ್ದು ತಂತಿಯ ಸದ್ದು ಮಾತ್ರ. ಹಾಗಾಗಿ ಎರಡು ಪಿಕಪ್, ಅಕ್ಕಪಕ್ಕ. ಅವನ್ನು ಕೂರಿಸಲು ಮರದಲ್ಲಿ ಇನ್ನೂ ಕುಳಿ ತೋಡಿಲ್ಲ, ನಾಳೆ ನಾಡಿದ್ದು ತೋಡಬೇಕು.

ಈಗ ನಿಮ್ಮ ತೀರ್ಪು ಬೇಕಾಗಿರುವುದು ಪಾಲಿಶಿಗೆ. ಕಿಶನ್‌ನ ಸ್ನೇಹಿತ ಸಿದ್ದರಾಜು ಕಾರಿಗೆ ಬಣ್ಣ ಹೊಡೆಯುವವನು. ಪುಟ್ಟಿ ತುಂಬಿ, ಕಪ್ಪು ಹೊಡೆದು, ಮುಖ ಕಾಣುವ ಹಾಗೆ ಮಾಡಿಕೊಡುತ್ತೇನೆ ಅನ್ನುತ್ತಾನೆ. ಎಮ್ಮೆ ಥರ ಕಾಣುತ್ತದೆ, ಬೇಡ ಅನ್ನುತ್ತಾರೆ ಮಾವ. ನನಗೆ ನಿಮ್ಮ ಅರಗಿನ ಪಾಲಿಶ್ ಬೇಕು, ಹತ್ತಿಯ ಉಂಡೆಯಲ್ಲಿ ಸುತ್ತಿ ಸುತ್ತಿ ಒರೆಸುವುದು, ಒಂದು ಪದರ, ಒಣಗಬೇಕು, ಮತ್ತೊಂದು ಪದರ. ಎಷ್ಟು ಸ್ಪಿರಿಟ್ಟಿಗೆ ಎಷ್ಟು ಅರಗು? ನೀವು ಅಳೆದು ಹಾಕಿದ್ದನ್ನು ನಾನು ಯಾವತ್ತೂ ನೋಡಿಲ್ಲ.

ಬರೆಯುವುದು ಇನ್ನೂ ಬೇಕಾದಷ್ಟಿದೆ, ಬೆರಳು ಕುಣಿಯುತ್ತಿದೆ, ಉಪ್ಪುಕಾಗದ ಕರೆಯುತ್ತಿದೆ. ಅಮ್ಮನಿಗೆ ನನ್ನ ನೆನಪು. ದೂರದಿಂದಲೇ ಕಾಲಿಗೆ ಬೀಳುತ್ತೇನೆ, ದೂರದಿಂದಲೇ ತಲೆ ಮೇಲೆ ಕೈಯಿಡಿ. ಇಬ್ಬರ ತಲೆ ಮೇಲೂ.

ನಿಮ್ಮ,
ಹೇಮ

ಮತ್ತೆ ಸೇರಿಸಿದ್ದು, 17 ಫೆಬ್ರವರಿ, ಸೋಮವಾರ

ಅಪ್ಪ, ಈ ಕಾಗದ ಅಂಚೆಗೆ ಹಾಕಲಿಲ್ಲ. ಮೇಲೆ ಬರೆದದ್ದನ್ನು ಓದಿದರೆ ನಾಚಿಕೆಯಾಗುತ್ತದೆ, ಆದರೂ ಹರಿಯುವುದಿಲ್ಲ. ನೀವು ಪೂರ್ತಿ ಓದಬೇಕು.

ನಿನ್ನೆ ಬೆಳಿಗ್ಗೆ ಕುಳಿ ತೋಡುವ ಮೊದಲು ಹಿಂಭಾಗದ ಪೇಪರ್ ತೆಗೆಯೋಣವೆಂದು ಒದ್ದೆ ಬಟ್ಟೆ ಹಾಕಿ ಕೂತೆ. ಗಂಜಿ ನೆನೆದು ಹಾಳೆ ಒಂದೊಂದಾಗಿ ಬಂತು. ಮೊದಲು ಕಂಡದ್ದು ರೆಕ್ಕೆ, ಕಂದು ಬಣ್ಣದ್ದು. ಅಟ್ಟದ ಮೇಲಿನ ನನ್ನ ಗಿಣಿ. ನನ್ನ ಹಸೆಮಣೆ. ಮಣೆಯ ಅಡಿಗೆ ಕಾಲಿನ ಪಟ್ಟಿ ಬಡಿಯುವುದು ಮದುವೆಯ ಮುಂಚಿನ ದಿನ ಅಲ್ಲವಾ, ಅದಿಲ್ಲದ್ದಕ್ಕೆ ನನಗೆ ಬರಿಯ ಹಲಗೆಯಾಗಿ ಕಂಡಿತು. ಮೇಲಿನ ಕೊಂಬಿನ ತಿರುವಿನಲ್ಲಿ, ನಾನೇ ಬರೆದ ಗೆರೆಯ ಮೇಲೆ, ಗರಗಸ ಗಿಣಿಯ ಕತ್ತು ಕೊಯ್ದುಕೊಂಡು ಹೋಗಿದೆ.

ನನ್ನ ಮೇಲಿನ ಕೋಪಕ್ಕೆ ಇನ್ನು ಇದು ಯಾಕೆ ಮನೆಯಲ್ಲಿ ಎಂದು ಕಳಿಸಿಬಿಟ್ಟಿರಿ ಅಂದುಕೊಂಡೆ. ಅಷ್ಟಾದರೂ ಸಹಿಸಬಹುದಿತ್ತು. ಕಿಶನ್ ಉಳಿದ ಹಾಳೆ ಎಳೆದ. ಎದುರಿಗೆ ಎರಡನೆಯ ಗಿಣಿ ಇತ್ತು. ಅರಿಶಿನದ ಹಾಗೆ ಹಳದಿ. ಉಳಿಯ ಗುರುತಿಗೆ ಇನ್ನೂ ಎಣ್ಣೆ ಕೂಡ ಮುಟ್ಟಿಲ್ಲ.

ಹದಿನೈದು ದಿನ ಬಾಗಿಲು ಹಾಕಿಕೊಂಡು ನೀವು ಕೆತ್ತಿದ್ದು ಏನೆಂದು ಆಗ ಗೊತ್ತಾಯಿತು. ಅದು ಕಿಶನ್‌ನ ಗಿಣಿ. ಅವನದಕ್ಕೆ ಒಂದು ಗೀರೂ ಬಿದ್ದಿಲ್ಲ, ಕೊಯ್ದುಹೋಗಿರುವುದು ನನ್ನದೇ.

ಕಿಶನ್ ಅದರ ರೆಕ್ಕೆಯ ಮೇಲೆ ಬೆರಳಾಡಿಸಿದ. ಆಮೇಲೆ, "ಇವರಿಗೆ ನಾನು ಹೆಂಗಿದ್ದೀನಿ ಅಂತಲೂ ಗೊತ್ತಿಲ್ಲ, ನನಗೆ ಇಷ್ಟು ಚೆನ್ನಾಗಿ ಕೆತ್ತವ್ರಲ್ಲ" ಅಂದ. ಕುಳಿ ತೋಡುವುದಿಲ್ಲ ಎಂದು ಉಳಿಯನ್ನೆಲ್ಲ ಎತ್ತಿ ಪೆಟ್ಟಿಗೆಗೆ ಹಾಕಿ ಬೀಗ ಹಾಕಿದ. ಅತ್ತೆ ಬಂದು ನೋಡಿದರು. ನಾನು ಮಾಡಿದ ಭಾಷಣ ಅವರಿಗೆ ನೆನಪಿತ್ತು, ಆದರೆ ಅದನ್ನು ಎತ್ತಲಿಲ್ಲ.

"ಇಬ್ರೂ ಕೂರ್ಲಿ ಅಂತ ಕಳ್ಸವ್ರೆ ಕಣವ್ವ, ನೀನು ಕುಯ್ಸಿದ್ದೀಯ" ಅಂದರು. "ಎದ್ದೇಳು. ಮಿಲ್‌ನೋರು ತುಂಡ್ನ ಒಲೆಗ್ ಆಕೋಕ್ ಮುಂಚೆ ಓಗು."

ನಿನ್ನೆ ಭಾನುವಾರ, ಮಿಲ್ಲು ಮುಚ್ಚಿತ್ತು. ಇವತ್ತು ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ತುಂಡುಗಳ ರಾಶಿಯಲ್ಲಿ ಅರ್ಧಕ್ಕರ್ಧ ಶನಿವಾರವೇ ಹೋಟೆಲಿನ ಒಲೆಗೆ ಹೋಗಿತ್ತು. ಉಳಿದದ್ದನ್ನು ಇಬ್ಬರೂ ಒಂದೊಂದಾಗಿ ಎತ್ತಿ ನೋಡಿದೆವು, ಪೇಪರ್ ಅಂಟಿರುವುದು ಯಾವುದು ಎಂದು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು ಅಪ್ಪ. ಅಂಗೈ ಅಗಲದ ತುಂಡು. ಕೊಕ್ಕು, ಕಣ್ಣು, ಅರ್ಧ ಕತ್ತು. ಜೋಡಿಸಿ ನೋಡಿದೆ, ನಡುವೆ ಗರಗಸದ ದಪ್ಪದಷ್ಟು ಸಂದು ಉಳಿಯುತ್ತದೆ, ಎಷ್ಟು ಒತ್ತಿದರೂ. ಅದನ್ನು ತುಂಬುವುದು ಹೇಗೆಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬಹುದು.

ಕಪ್ಪು ಬಣ್ಣದ ಮಾತು ಮುಗಿಯಿತು. ಪುಟ್ಟಿ ತುಂಬಲು ಬಿಡುವುದಿಲ್ಲ. ಇದು ಗಿಟಾರ್ ಆಗಬೇಕೋ, ಮತ್ತೆ ಮಣೆಯಾಗಬೇಕೋ, ಏನೂ ಆಗದೆ ಅಟ್ಟಕ್ಕೆ ಹೋಗಬೇಕೋ, ನೀವು ನೋಡಿ ಹೇಳಿ. ಬೈದಾದರೂ ಹೇಳಿ, ಆದರೆ ಬಾಯಿಬಿಟ್ಟು ಹೇಳಿ. ಹಲಗೆಯನ್ನು ಸೀರೆಯಲ್ಲಿ ಸುತ್ತಿ ಕಟ್ಟಿದ್ದೇನೆ, ತುಂಡು ನನ್ನ ಬ್ಯಾಗಿನಲ್ಲಿದೆ. ಕಿಶನ್ ಹೊರಗಿನ ಜಗುಲಿಯ ತನಕ ಮಾತ್ರ ಬರುತ್ತೇನೆ, ನೀವು ಕರೆದರೆ ಒಳಗೆ ಅಂದಿದ್ದಾನೆ. ಶೆಡ್ಡಿನ ಬಾಗಿಲು ತೆಗೆದಿಡಿ. ಬರುವ ಭಾನುವಾರ, ಇಪ್ಪತ್ತಮೂರನೇ ತಾರೀಕು, ಬೆಳಗೊಳದಲ್ಲಿ ಹತ್ತಿ ಅಕ್ಕಿಹೆಬ್ಬಾಳಿಗೆ ಬಂದಿಳಿಯುತ್ತೇವೆ, ಬೆಳಗಿನ ಅರಸೀಕೆರೆ ಪ್ಯಾಸೆಂಜರಿನಲ್ಲಿ.