ರಸ್ತೆಯಾಚೆಯ ಮೊಜಾಂಬಿಕ್

ವಿದೇಶಿ ಹಣದ ಖಾತೆಗಳ ಮೇಲ್ವಿಚಾರಕರಾದ ಮಾನ್ಯರೇ,

ನನ್ನ ಸೋದರತ್ತೆ ಶುವಾಯಿಯ ಖಾತೆಯನ್ನು ನೀವು ಮೂವತ್ತು ದಿನಗಳ ಮಟ್ಟಿಗೆ ಮುಚ್ಚಿದ್ದೀರಿ. ಆಕೆಯ ಇನ್ಸುಲಿನ್ ಶನಿವಾರದವರೆಗೆ ಮಾತ್ರ ಇದೆ. ಇವೆರಡನ್ನೂ ಒಂದೇ ಉಸಿರಿನಲ್ಲಿ ಓದಿ. ನಿಮ್ಮ ಕಚೇರಿಯಲ್ಲಿ ಇವು ಎರಡು ಬೇರೆ ಕಡತಗಳು.

ಅತ್ತೆ ಶಾಲಾ ಸಮವಸ್ತ್ರ ಹೊಲಿಯುವವಳು. ಮಿಷನ್ ಶಾಲೆ ಅವಳ ಕೂಲಿಯನ್ನು ನಿಮ್ಮ ಬ್ಯಾಂಕಿನ ಡಾಲರ್ ಖಾತೆಗೆ ಹಾಕುತ್ತದೆ. ಮೊಜಾಂಬಿಕ್ ಗಡಿಯ ಈಚೆಗಿರುವ ಈ ಮುಟಾರೆ ಊರಿನಲ್ಲಿ ನಾವು ಬ್ರೆಡ್ಡಿಗೆ, ಟೊಮೆಟೊ ಗುಡ್ಡೆಗೆ, ವ್ಯಾನಿನ ಟಿಕೆಟ್ಟಿಗೆ, ಸಾವಿನ ಮನೆಯ ಕಾಣಿಕೆಗೆ ಕೊಡುವುದು ಡಾಲರನ್ನೇ. ಅದು ವಿದೇಶಿ ಅನ್ನುವುದು ನಿಮಗಲ್ಲದೆ ಇಲ್ಲಿ ಬೇರೆ ಯಾರಿಗೂ ನೆನಪಿಲ್ಲ.

ಕಳೆದ ಸೋಮವಾರ ನಿಮ್ಮಲ್ಲಿ ನಗದು ಮುಗಿದಿತ್ತು. ಸರಿ, ಎದುರಿನ ಔಷಧಿ ಅಂಗಡಿಯ ಖಾತೆಗೆ ಹಣ ವರ್ಗಾಯಿಸಿ ಎಂದು ಅತ್ತೆ ಕೇಳಿದಳು. ಆ ಅಂಗಡಿಯ ಖಾತೆಯೂ ನಿಮ್ಮಲ್ಲೇ ಇದೆ. ಅದರ ಹಸಿರು ಬೋರ್ಡು ನಿಮ್ಮ ಕಿಟಕಿಯಿಂದಲೇ ಕಾಣುತ್ತದೆ. ಆದರೆ ಡಾಲರ್ ಖಾತೆಯಿಂದ ಹಣ ಹೊರಡಬೇಕಾದರೆ ವಿದೇಶಿ ಪಾವತಿಯ ಫಾರಂ ತುಂಬಬೇಕಂತೆ. ಅದರಲ್ಲಿ ‘ಹಣ ಸೇರುವ ದೇಶ’ ಎಂಬ ಕಾಲಂ. ಪಟ್ಟಿಯಲ್ಲಿ ಪೆಂಗ್ವಿನ್‌ಗಳ ಅಂಟಾರ್ಕ್ಟಿಕಾ ಇದೆ, ನಮ್ಮ ದೇಶ ಇಲ್ಲ. ಈ ಪಟ್ಟಿ ಮಾಡಿದ ಮಹಾಶಯರು ಮಧ್ಯಾಹ್ನದ ಊಟ ಮಾಡುವುದು ಯಾವ ದೇಶದಲ್ಲಿ?

ಕೌಂಟರಿನ ಹುಡುಗಿ ದನಿ ತಗ್ಗಿಸಿ ಹೇಳಿದಳು: “ಅಮ್ಮಾ, ಮೊಜಾಂಬಿಕ್ ಅಂತ ಬರೀರಿ. ಗಡಿ ಹತ್ರ ಇದೆಯಲ್ಲ, ಎಲ್ಲರೂ ಹಾಗೇ ಬರಿಯೋದು.”

“ಇಷ್ಟು ಹತ್ರ ಬಂದಿದೆಯಾ ಮಗಳೇ? ರಸ್ತೆ ದಾಟೋಕೆ ಪಾಸ್‌ಪೋರ್ಟ್ ತರಬೇಕಿತ್ತೇನೋ,” ಎಂದಳು ಅತ್ತೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅತ್ತೆ ಹಾಗೆಯೇ ಬರೆದಳು.

ಬುಧವಾರ ನಿಮ್ಮ ಪತ್ರ ಬಂತು: ಸುಳ್ಳು ಘೋಷಣೆ, ಖಾತೆ ಸ್ತಂಭನ, ವಿಚಾರಣೆ. ನಾನು ನಿಮ್ಮ ಗಾಜಿನ ಕೋಣೆಗೆ ಬಂದೆ. ನೀವು ಚಹಾ ಕಲಕುತ್ತಾ ಕೇಳಿದಿರಿ: “ಸುಳ್ಳು ಬರೆದದ್ದು ಯಾರು ತಮ್ಮಾ? ನಾನಾ, ನಿಮ್ಮ ಅತ್ತೆಯಾ?”

ಅದಕ್ಕೆ ಉತ್ತರ ಇವತ್ತು ಕೊಡುತ್ತೇನೆ. ಸತ್ಯ ಬರೆಯಲು ಜಾಗವೇ ಇಲ್ಲದ ಕಾಗದ ಅಚ್ಚು ಹಾಕಿಸಿದವರು ನೀವು. ಬಸ್ ನಿಲ್ದಾಣದಲ್ಲಿ ಹಂಚುವ ಕರಪತ್ರಗಳಿಂದ ಅರ್ಥಶಾಸ್ತ್ರ ಕಲಿತವನು ನಾನು, ನನ್ನ ವಿದ್ಯೆ ಅಷ್ಟೇ. ಆದರೂ ಇಷ್ಟು ತಿಳಿಯುತ್ತದೆ: ಹೆಂಗಸೊಬ್ಬಳು ತನ್ನ ಕೂಲಿಯಿಂದ ತನ್ನ ಬೀದಿಯಲ್ಲಿ ಔಷಧಿ ಕೊಳ್ಳುವುದು ವಿದೇಶಿ ವ್ಯಾಪಾರವಲ್ಲ. ಅದಕ್ಕೆ ಅಡ್ಡ ನಿಲ್ಲುವುದು ನಿಯಮಪಾಲನೆಯೂ ಅಲ್ಲ. ಅದು ಸೋಮಾರಿತನ, ಟೈ ಕಟ್ಟಿಕೊಂಡ ಸೋಮಾರಿತನ.

ಅತ್ತೆ ನಿನ್ನೆಯಿಂದ ಅರ್ಧ ಪ್ರಮಾಣವನ್ನೇ ಚುಚ್ಚಿಕೊಳ್ಳುತ್ತಿದ್ದಾಳೆ. ಬೈದರೆ, “ವಿಚಾರಣೆ ಮುಗಿಯೋವರೆಗೆ ಬದುಕಿರಬೇಕಲ್ಲಪ್ಪ, ಸಾಕ್ಷಿ ನಾನೇ ತಾನೆ,” ಎನ್ನುತ್ತಾಳೆ. ಹೊಲಿಗೆ ಯಂತ್ರದ ಮುಂದೆ ಕೂತರೆ ಸೂಜಿಯ ಕಣ್ಣು ಕಾಣುವುದಿಲ್ಲ. ನೂಲು ಪೋಣಿಸಿ ಕೊಡುತ್ತಿರುವುದು ನಾನು.

ನನ್ನ ಬೇಡಿಕೆ ದೊಡ್ಡದಲ್ಲ. ಶುಕ್ರವಾರ ಮಧ್ಯಾಹ್ನದೊಳಗೆ ಆಕೆಯ ಖಾತೆ ತೆರೆಯಿರಿ. ಪಟ್ಟಿಗೆ ನಮ್ಮ ದೇಶದ ಹೆಸರು ಸೇರಿಸಿ. ಇದಕ್ಕೆ ಮೇಲಿನವರ ಅಪ್ಪಣೆ ಬೇಕೆಂದರೆ, ಅಪ್ಪಣೆ ಬರುವವರೆಗೆ ನೀವೇ ಎದ್ದು ರಸ್ತೆ ದಾಟಿ, ಸ್ವಂತ ಜೇಬಿನಿಂದ ಎರಡು ಸೀಸೆ ಇನ್ಸುಲಿನ್ ಕೊಂಡು ಅವಳ ಕೈಗೆ ಕೊಡಿ. ಮೂವತ್ತು ಹೆಜ್ಜೆ ಅಷ್ಟೇ, ಎಣಿಸಿದ್ದೇನೆ. ಗಡಿಯಲ್ಲಿ ನಿಮ್ಮನ್ನು ಯಾರೂ ತಡೆಯುವುದಿಲ್ಲ.

ಇಂತಿ,
ನಿಮ್ಮ ಪಟ್ಟಿಯಲ್ಲಿಲ್ಲದ ದೇಶದ ಪ್ರಜೆ,
ಟೊಂಡೆರಾಯಿ
ಸಕುಬ್ವಾ, ಮುಟಾರೆ (ನಿಮ್ಮ ಲೆಕ್ಕದಲ್ಲಿ, ಮೊಜಾಂಬಿಕ್)