ಡೇರೆಯ ಕೋಲುಗಳು

ಟರರುವಾ ಬೆಟ್ಟ,
ಬುಧವಾರ

ಜಿಲ್ ಅಕ್ಕಾ,

ಎರಡು ದಿನದಿಂದ ಮಳೆ, ಒಂದು ಗಳಿಗೆ ಬಿಸಿಲು, ಮತ್ತೆ ಮಳೆ. ಚಾರಣಿಗರ ಈ ಗುಡಿಸಲಲ್ಲಿ ನಾನೊಬ್ಬಳೇ ಇದ್ದೇನೆ. ನಿನ್ನ ನಿಧಾನ ನಡಿಗೆಯನ್ನು ಹಂಗಿಸಿ ಮುಂದೆ ಬಂದವಳು ಜಾರಿಬಿದ್ದು ಕಾಲು ಉಳುಕಿಸಿಕೊಂಡೆ. ಚೀಲ ಬಿಚ್ಚಿದಾಗ ನಮ್ಮ ಡೇರೆಯ ಕೋಲುಗಳು ಸಿಕ್ಕವು. ಬಟ್ಟೆ ನಿನ್ನ ಬಳಿ ಉಳಿದಿದೆ.

ಗುಡಿಸಲು ನೋಡಿಕೊಳ್ಳುವ ಡೆಸ್ಮಂಡ್ ಬೆಳಿಗ್ಗೆ ಮೇಲೆ ಬಂದವರು, "ಕೆಳಗೆ ಒಬ್ರು ಡೇರೆ ಬಟ್ಟೆ ಹೊದ್ಕೊಂಡು ಬಂಡೆ ಮರೇಲಿ ಕೂತಿದಾರೆ. ಜೊತೆಗೆ ಯಾರಿದಾರೆ ಅಂತ ಕೇಳಿದ್ರೆ, ಯಾರೂ ಇಲ್ಲ ಅಂದ್ರು" ಎಂದರು. ಆಕೆ ನನ್ನ ಅಕ್ಕ ಎನ್ನಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವರೀಗ ಇಳಿಯಲು ಹೊರಟಿದ್ದಾರೆ. ಈ ಪತ್ರದೊಂದಿಗೆ ಕೋಲುಗಳನ್ನೂ ಒಂದು ಜೊತೆ ಒಣ ಕಾಲುಚೀಲವನ್ನೂ ಅವರ ಕೈಲಿ ಕಳಿಸುತ್ತಿದ್ದೇನೆ. ಊರಿಗೆ ಹಿಂತಿರುಗುವುದಾದರೆ ಹೋಗು. ಮೇಲೆ ಬರುವುದಾದರೆ ಒಲೆಯ ಪಕ್ಕದ ಮಂಚ ಖಾಲಿ ಇದೆ. ಮಾತಾಡಲೇಬೇಕೆಂದಿಲ್ಲ.

ನಿನ್ನ ತಂಗಿ,
ರೋವೆನಾ